ಕಾಲುಭಾಗ ಆಕ್ಸಿಲರೇಟರ್: ಕಾಡುದಾರಿಯ ಸಣ್ಣ ಬೈಕುಗಳಿಂದ ಕಲಿತ ಪಾಠಗಳು

ಶಂಕರಪುರಂನಲ್ಲಿ ಗ್ಯಾರೇಜ್ ಇಟ್ಟುಕೊಂಡವನಿಗೆ ಎರಡು ಅನುಕೂಲಗಳಿವೆ. ಮಿನರ್ವಾ ಸರ್ಕಲ್ ಕಡೆ ನಡೆದರೆ ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಗಳು ಸಿಗುತ್ತವೆ. ಬಸವನಗುಡಿ, ಬನಶಂಕರಿ ದಾಟಿದರೆ ಕನಕಪುರ ರಸ್ತೆ, ಅಲ್ಲಿಂದ ಒಳಗೆ ತಿರುಗಿದರೆ ಕಲ್ಲುಮಣ್ಣಿನ ದಾರಿ. ಬೆಳಿಗ್ಗೆ ಬಿಚ್ಚಿದ ಕಾರ್ಬುರೇಟರ್ ಅನ್ನು ಮಧ್ಯಾಹ್ನ ಜೋಡಿಸಿ, ಸಂಜೆಗೆ ಏರಿನಲ್ಲಿ ಓಡಿಸಿ ನೋಡಬಹುದು. ಡಾಂಬರು, ಮಣ್ಣು ಎರಡರಲ್ಲೂ ಓಡುವ ಸಣ್ಣ ಬೈಕುಗಳ ಕೆಲಸವನ್ನೇ ನಾನು ಹೆಚ್ಚಾಗಿ ಮಾಡುತ್ತೇನೆ. 2011ರಲ್ಲಿ ಬಂದ ಹೀರೊ ಇಂಪಲ್ಸ್, 2019ರ ಎಕ್ಸ್‌ಪಲ್ಸ್ 200, ಮಲೆನಾಡಿನ ತೋಟಗಳಿಂದ ಬರುವ ಆರ್‌ಎಕ್ಸ್ 100, ಆಗೊಮ್ಮೆ ಈಗೊಮ್ಮೆ ಒಂದು ಯೆಜ್ಡಿ. 2015ರಲ್ಲಿ ನಮ್ಮೂರಿನ ಸಿ.ಎಸ್. ಸಂತೋಷ್ ಡಾಕಾರ್ ರ್‍ಯಾಲಿಗೆ ಇಳಿದ ಮೊದಲ ಭಾರತೀಯರಾದ ಮೇಲೆ ಈ ದಾರಿ ಹಿಡಿದ ಹುಡುಗರು ಹೆಚ್ಚಾದರು. ಅವರಿಗೆ ದಿನವೂ ಹೇಳುವ ಮಾತುಗಳನ್ನೇ ಇಲ್ಲಿ ಬರೆಯುತ್ತಿದ್ದೇನೆ.

1. ಕಾರ್ಬುರೇಟರ್ ಕೇಳುವ ಮೊದಲು ದಾರಿ ಹೇಳಿ

"ಅಣ್ಣಾ, ಇಪ್ಪತ್ತೆಂಟರ ಕಾರ್ಬ್ ಹಾಕ್ಕೊಡಿ" ಎಂದು ಬರುವವರನ್ನು ನಾನು ಕೇಳುವುದು ಒಂದೇ: "ಎಲ್ಲಿ ಓಡಿಸ್ತೀಯಪ್ಪ?" ನೈಸ್ ರಸ್ತೆಯಲ್ಲಿ ನೂರು ದಾಟಬೇಕು ಎನ್ನುವವನಿಗೆ ಬೇಕಾದದ್ದೇ ಬೇರೆ, ಸಾವನದುರ್ಗದ ಹಿಂದಿನ ಕಲ್ಲುದಾರಿ ಹತ್ತಬೇಕು ಎನ್ನುವವನಿಗೆ ಬೇಕಾದದ್ದೇ ಬೇರೆ. ಮಣ್ಣುದಾರಿಯಲ್ಲಿ ಪೂರ್ತಿ ಆಕ್ಸಿಲರೇಟರ್ ಕೊಡುವ ಸಂದರ್ಭ ಬಹಳ ಕಡಿಮೆ. ಕೈ ಹೆಚ್ಚು ಹೊತ್ತು ಇರುವುದು ಕಾಲುಭಾಗದಿಂದ ಅರ್ಧದ ನಡುವೆ, ಅದೂ ಮೊದಲ ಮೂರು ಗೇರುಗಳಲ್ಲಿ. ಇಂಪಲ್ಸ್‌ನ 149 ಸಿಸಿ ಎಂಜಿನ್ 13.2 ಪಿಎಸ್ ಕೊಡುವುದು 7,500 ಆರ್‌ಪಿಎಂನಲ್ಲಿ. ಆದರೆ ಅದರ ಪೂರ್ತಿ ಎಳೆತ, 13.4 ನ್ಯೂಟನ್ ಮೀಟರ್, ಸಿಗುವುದು 5,000ದಲ್ಲಿ. ಕಾಡಿನಲ್ಲಿ ಬೈಕನ್ನು ಮೇಲಕ್ಕೆ ಎಳೆಯುವುದು ಈ ಎರಡನೆಯ ಅಂಕಿ. ಯಾವ ಬದಲಾವಣೆ ಅದನ್ನು ಕೆಳಗಿನ ಆರ್‌ಪಿಎಂನಲ್ಲಿ ತಡವರಿಸದಂತೆ ಮಾಡುತ್ತದೋ ಅದಕ್ಕೆ ದುಡ್ಡು ಹಾಕಿ. ಇದೊಂದು ನಿರ್ಧಾರವಾದರೆ ಮುಂದಿನ ಆಯ್ಕೆಗಳು ತಾವಾಗಿಯೇ ಸ್ಪಷ್ಟವಾಗುತ್ತವೆ.

2. ಊರಿನ ಎತ್ತರವನ್ನೂ ಬಂಕಿನ ಪೆಟ್ರೋಲನ್ನೂ ಒಟ್ಟಿಗೆ ಲೆಕ್ಕ ಹಾಕಿ

ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿದೆ. ಇಲ್ಲಿಯ ಗಾಳಿಯ ಸಾಂದ್ರತೆ ಕರಾವಳಿಗಿಂತ ಶೇ. 8ರಿಂದ 9ರಷ್ಟು ಕಡಿಮೆ. ಕಂಪನಿ ಪುಸ್ತಕದಲ್ಲಿ 13 ಪಿಎಸ್ ಎಂದಿದ್ದರೆ ನಮ್ಮೂರಿನಲ್ಲಿ ಅದು 12ರ ಆಸುಪಾಸು. ಅದನ್ನು ಯಾವ ಕಾರ್ಬುರೇಟರೂ ವಾಪಸ್ ತಂದುಕೊಡಲಾರದು. ಗಾಳಿ ತೆಳುವಾದಾಗ ಇನ್ನೊಂದು ವಿಷಯ ನಡೆಯುತ್ತದೆ. ಕಾರ್ಬುರೇಟರ್‌ಗೆ ಗಾಳಿಯ ಭಾರ ತಿಳಿಯುವುದಿಲ್ಲ. ಅದು ಪೆಟ್ರೋಲನ್ನು ಹೆಚ್ಚುಕಡಿಮೆ ಹಳೆಯ ಅಳತೆಯಲ್ಲೇ ಬಿಡುತ್ತದೆ. ಹಾಗಾಗಿ ಮಿಶ್ರಣ ರಿಚ್ ಆಗುತ್ತದೆ, ಅಂದರೆ ಗಾಳಿಗೆ ಹೋಲಿಸಿದರೆ ಪೆಟ್ರೋಲ್ ಜಾಸ್ತಿ. ಮಿಶ್ರಣದ ಈ ಏರುಪೇರು ಸಾಂದ್ರತೆಯ ವರ್ಗಮೂಲಕ್ಕೆ ತಕ್ಕಂತೆ ಇರುತ್ತದೆ. ಬೆಂಗಳೂರಿನಲ್ಲಿ ಶೇ. 4ರಿಂದ 5 ರಿಚ್, 1,930 ಮೀಟರಿನ ಮುಳ್ಳಯ್ಯನಗಿರಿಯ ತುದಿಯಲ್ಲಿ ಶೇ. 9ರಿಂದ 10.

ಇಲ್ಲಿಯವರೆಗಿನ ಲೆಕ್ಕ ಹಳೇ ಮೆಕ್ಯಾನಿಕ್‌ಗಳೆಲ್ಲ ಬಲ್ಲದ್ದು. ಈಗ ಅದಕ್ಕೆ ಎಥನಾಲ್ ಸೇರಿದೆ. 2023ರ ಫೆಬ್ರುವರಿಯಲ್ಲಿ ನಮ್ಮ ಬೆಂಗಳೂರಿನಲ್ಲೇ ಇ20 ಪೆಟ್ರೋಲಿಗೆ ಚಾಲನೆ ಸಿಕ್ಕಿತು. ಬರಿಯ ಪೆಟ್ರೋಲ್ ಒಂದು ಭಾಗ ಸರಿಯಾಗಿ ಉರಿಯಲು ತೂಕದಲ್ಲಿ 14.7 ಭಾಗ ಗಾಳಿ ಬೇಕು. ಎಥನಾಲಿಗೆ 9 ಸಾಕು. ಶೇ. 20 ಬೆರೆತ ಪೆಟ್ರೋಲಿಗೆ ಸುಮಾರು 13.5. ಹಳೆಯ ಜೆಟ್ಟಿನಲ್ಲಿ ಈ ಪೆಟ್ರೋಲ್ ಹರಿದರೆ ಮಿಶ್ರಣ ಶೇ. 7ರಷ್ಟು ಲೀನ್ ಆಗುತ್ತದೆ, ಅಂದರೆ ಪೆಟ್ರೋಲ್ ಕಡಿಮೆ ಬಿದ್ದಂತೆ. ಎತ್ತರ ಒಂದು ಕಡೆ ಎಳೆಯುತ್ತದೆ, ಎಥನಾಲ್ ಇನ್ನೊಂದು ಕಡೆ. ಬೆಂಗಳೂರಿನಲ್ಲಿ ಎರಡೂ ಒಂದನ್ನೊಂದು ಬಹುಪಾಲು ಹೊಡೆದುಹಾಕಿ ಸ್ವಲ್ಪ ಲೀನ್ ಉಳಿಯುತ್ತದೆ. ಅದೇ ಬೈಕು ಚಾರ್ಮಾಡಿ ಇಳಿದು ಮಂಗಳೂರು ಸೇರಿದರೆ ಎತ್ತರದ ಸಹಾಯ ತಪ್ಪಿ ಪೂರ್ತಿ ಲೀನ್. ಘಟ್ಟ ಇಳಿದ ಮೇಲೆ ಎಂಜಿನ್ ಬಿಸಿಯಾಗುತ್ತದೆ, ಆಕ್ಸಿಲರೇಟರ್ ಬಿಟ್ಟಾಗ ಸೈಲೆನ್ಸರ್ ಪಟಪಟ ಎನ್ನುತ್ತದೆ ಎಂದು ಹೇಳಿಕೊಂಡು ಬರುವವರ ಬೈಕುಗಳಲ್ಲಿ ನಾನು ಮೊದಲು ಅನುಮಾನಿಸುವುದು ಇದನ್ನೇ.

ಹಾಗಾಗಿ "ಬೆಂಗಳೂರಿಗೆ ಒಂದು ಸೈಜು ಚಿಕ್ಕ ಜೆಟ್" ಎಂಬ ಹಳೆಯ ಸೂತ್ರವನ್ನು ಇವತ್ತು ಕಣ್ಣುಮುಚ್ಚಿ ಪಾಲಿಸಬೇಡಿ. ಹತ್ತು ವರ್ಷದ ಹಿಂದೆ ಅದು ಸರಿಯಿತ್ತು. ಈಗ ಅದೇ ಸೂತ್ರ ಪ್ಲಗ್ ಬೆಳ್ಳಗಾಗಿಸುತ್ತದೆ, ಕಡೆಗೆ ಎಕ್ಸಾಸ್ಟ್ ವಾಲ್ವ್ ಸುಡುತ್ತದೆ. ಘಟ್ಟದ ಮೇಲೂ ಕೆಳಗೂ ಓಡುವ ಬೈಕಾದರೆ ಕೆಳಗಿನ ಊರಿಗೆ ಸರಿಯಾಗುವಂತೆ ಜೆಟ್ ಹಾಕಿ, ಮೇಲೆ ಸ್ವಲ್ಪ ರಿಚ್ ಇರಲಿ. ರಿಚ್ ಆದರೆ ಮೈಲೇಜ್ ಹೋಗುತ್ತದೆ, ಲೀನ್ ಆದರೆ ಎಂಜಿನ್ನೇ ಹೋಗುತ್ತದೆ.

ಎಥನಾಲ್ ರಬ್ಬರನ್ನೂ ತಿನ್ನುತ್ತದೆ. ಹಳೇ ಕಾರ್ಬುರೇಟರಿನ ಓ-ರಿಂಗುಗಳು ಉಬ್ಬುತ್ತವೆ, ಪೆಟ್ರೋಲ್ ಪೈಪು ಗಟ್ಟಿಯಾಗಿ ಬಿರುಕು ಬಿಡುತ್ತದೆ. ಅದು ಗಾಳಿಯ ತೇವವನ್ನೂ ಹೀರುವುದರಿಂದ, ಕೆಲವು ವಾರ ಬೈಕ್ ನಿಲ್ಲಿಸುವಿರಾದರೆ ಪೆಟ್ರೋಲ್ ಕಾಕ್ ಮುಚ್ಚಿ ಫ್ಲೋಟ್ ಬೌಲಿನ ಡ್ರೈನ್ ಸ್ಕ್ರೂ ಬಿಚ್ಚಿ ಖಾಲಿ ಮಾಡಿ. ಮಳೆಗಾಲದಲ್ಲಿ ನಿಲ್ಲಿಸಿಟ್ಟ ಬೈಕುಗಳ ಬೌಲಿನ ತಳದಲ್ಲಿ ಹಸಿರು ಪಾಚಿಯಂಥ ಅಂಟು ಕಾಣುವುದು ಈಗ ಸಾಮಾನ್ಯ.

3. ಹಳೆಯದನ್ನು ಸರಿಮಾಡದೆ ಹೊಸದನ್ನು ಕೊಳ್ಳಬೇಡಿ

ಪಿಕಪ್ ಇಲ್ಲ ಎಂದು ಬರುವ ಬೈಕುಗಳಲ್ಲಿ ಬಹಳಷ್ಟಕ್ಕೆ ಹೊಸ ಕಾರ್ಬುರೇಟರ್ ಬೇಕಾಗಿಲ್ಲ. ಕಾರ್ಬುರೇಟರಿಗೂ ಹೆಡ್ಡಿಗೂ ನಡುವಿನ ರಬ್ಬರ್ ಮ್ಯಾನಿಫೋಲ್ಡ್ ಸೀಳಿದ್ದರೆ ಅಲ್ಲಿಂದ ಗಾಳಿ ನುಗ್ಗಿ ಐಡಲ್ ನಿಲ್ಲುವುದಿಲ್ಲ. ಎಂಜಿನ್ ಓಡುತ್ತಿರುವಾಗ ಅದರ ಸುತ್ತ ಒಂದು ತೊಟ್ಟು ಸೋಪುನೀರು ಬಿಡಿ. ಆರ್‌ಪಿಎಂ ಬದಲಾದರೆ ಕಳ್ಳ ಸಿಕ್ಕಿದ. ಟ್ಯಾಪೆಟ್ ಬಿಗಿಯಾಗಿರುವುದು, ಏರ್ ಫಿಲ್ಟರ್ ಕಟ್ಟಿರುವುದು, ಪೈಲಟ್ ಜೆಟ್ಟಿನ ರಂಧ್ರದಲ್ಲಿ ಅಂಟು ಕೂತಿರುವುದು, ಚೋಕ್ ಪೂರ್ತಿ ಬಿಡದಿರುವುದು, ಇವಿಷ್ಟನ್ನೂ ನೋಡಿದ ಮೇಲೆ ಮಾತ್ರ ಕಾರ್ಬುರೇಟರನ್ನು ದೂರಿ. ಪಿಸ್ಟನ್ ರಿಂಗ್ ಸವೆದು ಕಂಪ್ರೆಷನ್ ಇಲ್ಲದ ಎಂಜಿನ್ನಿಗೆ ಎಷ್ಟು ಒಳ್ಳೆಯ ಕಾರ್ಬ್ ಹಾಕಿದರೂ ಅದಕ್ಕೆ ಗಾಳಿ ಎಳೆಯುವ ಶಕ್ತಿಯೇ ಇರುವುದಿಲ್ಲ.

4. ಬಾಯಿಯ ಅಳತೆಯನ್ನು ಲೆಕ್ಕ ಹಾಕಿ ಆರಿಸಿ

ಕಾರ್ಬುರೇಟರಿನ ಬಾಯಿ ಎಷ್ಟು ಮಿಲಿಮೀಟರ್ ಇರಬೇಕು ಎನ್ನುವುದಕ್ಕೆ ಒಂದು ಹಳೆಯ ಸೂತ್ರವಿದೆ. ಎಂಜಿನ್ನಿನ ಗಾತ್ರವನ್ನು ಲೀಟರಿನಲ್ಲಿ ತೆಗೆದುಕೊಳ್ಳಿ, ಪೂರ್ತಿ ಶಕ್ತಿ ಬರುವ ಆರ್‌ಪಿಎಂನಿಂದ ಗುಣಿಸಿ, ವರ್ಗಮೂಲ ತೆಗೆಯಿರಿ. ಬಂದದ್ದನ್ನು 0.65ರಿಂದ 0.9ರ ನಡುವಿನ ಒಂದು ಸಂಖ್ಯೆಯಿಂದ ಗುಣಿಸಿ. ಕೆಳಗಿನ ಎಳೆತ ಬೇಕಿದ್ದವನು 0.65ರಿಂದ 0.75, ರೇಸ್ ಟ್ರ್ಯಾಕಿಗೆ ಹೋಗುವವನು 0.9ರ ಹತ್ತಿರ.

ಇಂಪಲ್ಸ್‌ಗೆ ಹಾಕಿ ನೋಡೋಣ. 0.15 × 7,500 = 1,125; ವರ್ಗಮೂಲ 33.5. ಮಣ್ಣುದಾರಿಗೆ 22ರಿಂದ 25 ಮಿ.ಮೀ. ಎಂದು ಬರುತ್ತದೆ. 26 ಹಾಕಿದರೂ ಜಾಗ್ರತೆಯಿಂದ ಜೆಟ್ ಮಾಡಿದರೆ ಓಡುತ್ತದೆ. 28 ಹಾಕಿದರೆ ಸಂಖ್ಯೆ 0.83 ದಾಟುತ್ತದೆ; ಮೇಲೆ ಒಂದಿಷ್ಟು ಸಿಕ್ಕೀತು, ಆದರೆ ಏರಿನಲ್ಲಿ ಎರಡನೇ ಗೇರಿನಲ್ಲಿ ಆಕ್ಸಿಲರೇಟರ್ ಕೊಟ್ಟಾಗ ಬೈಕು ಒಂದು ಕ್ಷಣ ಸತ್ತಂತಾಗಿ ಆಮೇಲೆ ಎಗರುತ್ತದೆ. ಬಾಯಿ ದೊಡ್ಡದಾದಷ್ಟೂ ಅದೇ ಗಾಳಿ ನಿಧಾನವಾಗಿ ಹರಿಯುತ್ತದೆ. ನಿಧಾನದ ಗಾಳಿ ಪೆಟ್ರೋಲನ್ನು ಜೆಟ್ಟಿನಿಂದ ಮೇಲೆತ್ತಿ ಸಣ್ಣ ಹನಿಗಳಾಗಿ ಒಡೆಯಲಾರದು. ಅದೇ 28ರ ಕಾರ್ಬುರೇಟರ್ ಎಕ್ಸ್‌ಪಲ್ಸ್‌ಗೆ ಸರಿಯಾಗಿ ಕೂರುತ್ತದೆ: 0.2 × 8,000 = 1,600, ವರ್ಗಮೂಲ 40, ಗುಣಕ 0.7. ಗೆಳೆಯನ 200 ಸಿಸಿಯಲ್ಲಿ ಚೆನ್ನಾಗಿ ಓಡಿದ ಕಾರ್ಬುರೇಟರನ್ನು ತನ್ನ 150ಕ್ಕೆ ಹಾಕಿಸಿಕೊಂಡು ನಿರಾಶನಾಗುವ ಹುಡುಗನ ಸಮಸ್ಯೆ ಇಷ್ಟೇ.

5. ಸಿ.ವಿ., ಸ್ಲೈಡ್, ಪಂಪ್: ಕೈಯನ್ನು ನೋಡಿ ಆರಿಸಿ

ಇಂಪಲ್ಸ್, ಕಾರ್ಬುರೇಟರಿನ ಎಕ್ಸ್‌ಪಲ್ಸ್, ಮೊದಲ ಹಿಮಾಲಯನ್, ಇವೆಲ್ಲದರಲ್ಲೂ ಕಂಪನಿಯಿಂದ ಬರುತ್ತಿದ್ದದ್ದು ಸಿ.ವಿ. ಕಾರ್ಬುರೇಟರ್. ಇದರಲ್ಲಿ ನಮ್ಮ ಕೇಬಲ್ ತೆರೆಯುವುದು ಒಂದು ಬಿಲ್ಲೆಯನ್ನು ಮಾತ್ರ. ಸ್ಲೈಡನ್ನು ಎತ್ತುವುದು ಎಂಜಿನ್ನಿನ ಎಳೆತವೇ, ಒಂದು ತೆಳು ರಬ್ಬರ್ ಡಯಾಫ್ರಾಮಿನ ಮೂಲಕ. ಎಂಜಿನ್ನಿಗೆ ಎಷ್ಟು ಬೇಕೋ ಅಷ್ಟೇ ಬಾಯಿ ತೆರೆಯುತ್ತದೆ. ಸಡಿಲ ಜಲ್ಲಿಯ ಮೇಲೆ ಕೈ ಸ್ವಲ್ಪ ಹೆಚ್ಚು ತಿರುಗಿದರೂ ಹಿಂದಿನ ಚಕ್ರ ಹಾರುವುದಿಲ್ಲ. ಎತ್ತರ ಬದಲಾದಾಗಲೂ ಇದು ತಕ್ಕಮಟ್ಟಿಗೆ ಹೊಂದಿಕೊಳ್ಳುತ್ತದೆ. ಮಣ್ಣಿಗೆ ಹೊಸದಾಗಿ ಇಳಿದವರಿಗೆ, ವಾರದಲ್ಲಿ ಆರು ದಿನ ಆಫೀಸಿಗೂ ಅದೇ ಬೈಕನ್ನು ಓಡಿಸುವವರಿಗೆ, ನಾನು ಸಿ.ವಿ.ಯನ್ನು ತೆಗೆಯುವುದಿಲ್ಲ. ಜೆಟ್ ಸರಿಮಾಡಿ, ಡಯಾಫ್ರಾಮನ್ನು ಬಲ್ಬಿನ ಬೆಳಕಿಗೆ ಹಿಡಿದು ಸೂಜಿಮೊನೆಯಷ್ಟು ತೂತು ಇದೆಯೇ ನೋಡಿ, ಅದನ್ನೇ ವಾಪಸ್ ಕೂರಿಸುತ್ತೇನೆ. ಡಯಾಫ್ರಾಮ್ ಸೀಳಿದ್ದರೆ ಸ್ಲೈಡ್ ಅರ್ಧಕ್ಕಿಂತ ಮೇಲೇಳುವುದೇ ಇಲ್ಲ. ಬೈಕು ಅರವತ್ತರಲ್ಲಿ ನಿಂತುಬಿಡುತ್ತದೆ. ಕಾರ್ಬುರೇಟರನ್ನೇ ಬದಲಿಸಿ ಎಂಬ ಸಲಹೆ ಪಡೆದು ಬರುವ ಎಷ್ಟೋ ಬೈಕುಗಳಿಗೆ ಈ ರಬ್ಬರ್ ಹಾಳೆ ಬದಲಿಸಿದರೆ ಸಾಕಾಗಿರುತ್ತದೆ.

ಮಿಕುನಿ ವಿಎಂ, ಕೆಯ್‌ಹಿನ್ ಪಿಇ ಮಾದರಿಯವು ನೇರ ಸ್ಲೈಡ್‌ನವು. ಕೈ ತಿರುಗಿಸಿದಷ್ಟು ಸ್ಲೈಡ್ ಏಳುತ್ತದೆ, ಮಧ್ಯೆ ಯಾರೂ ಇಲ್ಲ. ಪ್ರತಿಕ್ರಿಯೆ ಚುರುಕು, ಒಳಗಿನ ಭಾಗಗಳು ಕಡಿಮೆ, ದಾರಿಯಲ್ಲಿ ಕೆಟ್ಟರೆ ಒಂದು ಸ್ಕ್ರೂಡ್ರೈವರಿನಿಂದ ಬಿಚ್ಚಿ ಊದಿ ಹಾಕಬಹುದು. ಕೊಡಗಿನ ಅಥವಾ ಸಕಲೇಶಪುರದ ಒಳದಾರಿಗಳಲ್ಲಿ ಒಬ್ಬರೇ ಓಡಾಡುವವರಿಗೆ ಈ ಕೊನೆಯ ಗುಣ ದೊಡ್ಡದು. ಆದರೆ ಕೈಗೆ ಶಿಸ್ತು ಬೇಕು. ಕೆಳಗಿನ ಆರ್‌ಪಿಎಂನಲ್ಲಿ ಒಮ್ಮೆಗೇ ತಿರುಗಿಸಿದರೆ ಗಾಳಿ ಪೆಟ್ರೋಲಿಗಿಂತ ಮುಂಚೆ ಒಳನುಗ್ಗಿ ಎಂಜಿನ್ ಮುಗ್ಗರಿಸುತ್ತದೆ. ಆ ಮುಗ್ಗರಿಕೆಯನ್ನು ತುಂಬುವುದಕ್ಕೇ ಕೆಲವು ಕಾರ್ಬುರೇಟರುಗಳಲ್ಲಿ ಪಂಪ್ ಇರುತ್ತದೆ. ಕೈ ಚಲಿಸಿದಾಗ ಒಂದು ಚಿಮ್ಮು ಪೆಟ್ರೋಲ್ ಬಿಡುತ್ತದೆ. ಒಳ್ಳೆಯದೇ. ಆದರೆ ನಮ್ಮ ಮಾರುಕಟ್ಟೆಯಲ್ಲಿ ಪಂಪ್ ಇರುವ ಅಗ್ಗದ ಕಾರ್ಬುರೇಟರುಗಳು ಹೆಚ್ಚಾಗಿ 30 ಮಿ.ಮೀ.ನವು. 150 ಸಿಸಿಗೆ ಅದು ದೊಡ್ಡದಾಯಿತು.

ಒಬ್ಬ ಸವಾರನ ಕೈಯನ್ನು ಅರ್ಥಮಾಡಿಕೊಳ್ಳಲು ನಾನು ಅವನ ಹಿಂದೆ ಕೂತು ಲಾಲ್‌ಬಾಗಿನ ಪಶ್ಚಿಮ ಗೇಟಿನವರೆಗೆ ಹೋಗಿಬರುತ್ತೇನೆ. ಸಿಗ್ನಲ್‌ಗಳ ನಡುವೆ ಆತ ಆಕ್ಸಿಲರೇಟರನ್ನು ಹೇಗೆ ಬಿಡುತ್ತಾನೆ, ಹೇಗೆ ಕೊಡುತ್ತಾನೆ ಎನ್ನುವುದರಲ್ಲೇ ಯಾವ ಕಾರ್ಬುರೇಟರ್ ಅವನಿಗೆ ಒಗ್ಗುತ್ತದೆ ಎನ್ನುವುದು ತಿಳಿಯುತ್ತದೆ.

6. ಜೆಟ್ಟಿನ ಮೇಲಿನ ನಂಬರ್ ಎಲ್ಲ ಕಂಪನಿಗೂ ಒಂದೇ ಅಲ್ಲ

ಕೆಯ್‌ಹಿನ್ ಮೇನ್ ಜೆಟ್ಟಿನ ಮೇಲೆ 110 ಎಂದಿದ್ದರೆ ಅದರ ರಂಧ್ರ 1.10 ಮಿ.ಮೀ. ಮಿಕುನಿಯ ಆರುಮೂಲೆಯ ದೊಡ್ಡ ಜೆಟ್ಟಿನ ನಂಬರ್ ರಂಧ್ರದ ಅಗಲವಲ್ಲ, ಅದರಲ್ಲಿ ಹರಿಯುವ ಪ್ರಮಾಣ. ಮಿಕುನಿಯಲ್ಲಿ 110ರಿಂದ 115ಕ್ಕೆ ಹೋದರೆ ಹರಿವು ಸುಮಾರು ಶೇ. 4.5 ಹೆಚ್ಚುತ್ತದೆ. ಕೆಯ್‌ಹಿನ್‌ನಲ್ಲಿ ಅದೇ ಬದಲಾವಣೆ ರಂಧ್ರದ ವಿಸ್ತೀರ್ಣವನ್ನು ಶೇ. 9ಕ್ಕೂ ಹೆಚ್ಚು ಹಿಗ್ಗಿಸುತ್ತದೆ. ಒಂದರ ಅನುಭವವನ್ನು ಇನ್ನೊಂದಕ್ಕೆ ಹೊತ್ತೊಯ್ದರೆ ಲೆಕ್ಕ ಎರಡರಷ್ಟು ತಪ್ಪುತ್ತದೆ.

ಡೂಪ್ಲಿಕೇಟ್ ಮಾಲಿನ ಕಷ್ಟ ಇದಕ್ಕಿಂತ ದೊಡ್ಡದು. ಹೆಸರು ಅದೇ, ಡಬ್ಬ ಅದೇ, ಒಳಗಿನ ಎರಕ ಒರಟು. ಕೊಳ್ಳುವಾಗ ಅಂಗಡಿಯಲ್ಲೇ ಸ್ಲೈಡನ್ನು ಬೆರಳಿನಿಂದ ಮೇಲೆ ಕೆಳಗೆ ಓಡಿಸಿ ನೋಡಿ. ಎಲ್ಲೂ ಕಚ್ಚಬಾರದು, ಪಕ್ಕಕ್ಕೆ ಲಟಲಟ ಎನ್ನಬಾರದು. ಸ್ಲೈಡ್ ಸಡಿಲವಿದ್ದರೆ ಅದರ ಪಕ್ಕದಿಂದ ಗಾಳಿ ನುಸುಳಿ ಐಡಲ್ ಜೀವಮಾನದಲ್ಲಿ ಸರಿಯಾಗದು. ಜೆಟ್ಟನ್ನು ಬೆಳಕಿಗೆ ಹಿಡಿದರೆ ರಂಧ್ರದ ಅಂಚು ದುಂಡಗೆ, ನುಣ್ಣಗೆ ಕಾಣಬೇಕು. ಜೆಟ್ ಸಿಗಲಿಲ್ಲವೆಂದು ಸಣ್ಣ ಡ್ರಿಲ್ಲಿನಿಂದ ಕೊರೆದು ದೊಡ್ಡದು ಮಾಡುವುದನ್ನು ನನ್ನ ಗ್ಯಾರೇಜಿನಲ್ಲಿ ಯಾರಿಗೂ ಬಿಡುವುದಿಲ್ಲ. ಅಂಚು ಒರಟಾದರೆ ನಂಬರಿಗೆ ಅರ್ಥವೇ ಹೋಗುತ್ತದೆ.

7. ಹಿಡಿಯ ಮೇಲೆ ಟೇಪ್ ಅಂಟಿಸಿ, ಒಮ್ಮೆಗೆ ಒಂದನ್ನೇ ಬದಲಿಸಿ

ಆಕ್ಸಿಲರೇಟರ್ ಹಿಡಿಯ ಮೇಲೆ ಬಿಳಿ ಟೇಪ್ ಸುತ್ತಿ ಕಾಲು, ಅರ್ಧ, ಮುಕ್ಕಾಲು ಎಂದು ಗುರುತು ಹಾಕಿ. ಮುಚ್ಚಿದ್ದಾಗಿನಿಂದ ಹೆಚ್ಚುಕಡಿಮೆ ಕಾಲುಭಾಗದವರೆಗೆ ಪೈಲಟ್ ಜೆಟ್, ಮಿಶ್ರಣದ ಸ್ಕ್ರೂ ಮತ್ತು ಸ್ಲೈಡಿನ ಬಾಯಿಕೊರೆತದ ಆಳ್ವಿಕೆ. ಕಾಲಿನಿಂದ ಮುಕ್ಕಾಲಿನವರೆಗೆ ಸೂಜಿ, ಅದರ ಕ್ಲಿಪ್ಪಿನ ಸ್ಥಾನ. ಮುಕ್ಕಾಲಿನಿಂದ ಆಚೆ ಮೇನ್ ಜೆಟ್. ತೊಂದರೆ ಯಾವ ಗುರುತಿನಲ್ಲಿ ಬರುತ್ತದೆ ಎಂದು ಸವಾರ ಹೇಳಿದರೆ ಯಾವ ಭಾಗ ಮುಟ್ಟಬೇಕು ಎನ್ನುವುದು ಗೊತ್ತಾಗುತ್ತದೆ. ಕಾಲುಭಾಗದ ಮುಗ್ಗರಿಕೆಗೆ ಮೇನ್ ಜೆಟ್ ಬದಲಿಸುವುದು ವ್ಯರ್ಥ ಶ್ರಮ. ಅದನ್ನೇ ದಿನವೂ ಕಾಣುತ್ತೇನೆ.

ಮಿಶ್ರಣದ ಸ್ಕ್ರೂ ಎಲ್ಲಿದೆ ಎಂಬುದನ್ನು ಮೊದಲು ನೋಡಿ. ಎಂಜಿನ್ ಕಡೆ ಇದ್ದರೆ ಅದು ಪೆಟ್ರೋಲಿನ ಸ್ಕ್ರೂ, ಹೊರಗೆ ತಿರುಗಿಸಿದರೆ ರಿಚ್. ಫಿಲ್ಟರ್ ಕಡೆ ಇದ್ದರೆ ಗಾಳಿಯ ಸ್ಕ್ರೂ, ಹೊರಗೆ ತಿರುಗಿಸಿದರೆ ಲೀನ್. ಸಿ.ವಿ. ತೆಗೆದು ವಿಎಂ ಹಾಕಿಕೊಂಡವರು ಹಳೆಯ ಅಭ್ಯಾಸದಲ್ಲಿ ಉಲ್ಟಾ ತಿರುಗಿಸಿ ದಿನವಿಡೀ ಒದ್ದಾಡುತ್ತಾರೆ.

ಎಂಜಿನ್ ಪೂರ್ತಿ ಬಿಸಿಯಾಗದೆ ಏನನ್ನೂ ತೀರ್ಮಾನಿಸಬೇಡಿ. ತಣ್ಣಗಿದ್ದಾಗ ಚೆನ್ನಾಗಿ ಓಡಿ ಬಿಸಿಯಾದ ಮೇಲೆ ಗೊರಗೊರ ಎಂದರೆ ರಿಚ್. ಆಕ್ಸಿಲರೇಟರ್ ಬಿಟ್ಟಾಗ ಆರ್‌ಪಿಎಂ ತಕ್ಷಣ ಇಳಿಯದೆ ಮೇಲೇ ತೂಗುತ್ತಿದ್ದರೆ ಲೀನ್, ಇಲ್ಲವೇ ಎಲ್ಲೋ ಗಾಳಿ ಸೋರಿಕೆ. ಕೊನೆಗೆ ಹೊಗೆ ತಪಾಸಣೆಗೆ ಒಯ್ಯಿರಿ. ಬಿಎಸ್-4ಕ್ಕಿಂತ ಹಿಂದಿನ, 2000ದ ಮಾರ್ಚ್ ನಂತರದ ನಾಲ್ಕು ಸ್ಟ್ರೋಕ್ ಬೈಕುಗಳಿಗೆ ಐಡಲ್‌ನಲ್ಲಿ ಕಾರ್ಬನ್ ಮೊನಾಕ್ಸೈಡಿನ ಮಿತಿ ಶೇ. 3.5. ಸರ್ಟಿಫಿಕೇಟಿಗಾಗಿ ಮಾತ್ರ ನೋಡಬೇಡಿ. ಆ ಯಂತ್ರ ತೋರಿಸುವ ಸಂಖ್ಯೆ ನಿಮ್ಮ ಪೈಲಟ್ ಜೆಟ್ ಬಗ್ಗೆ ಕಿವಿಗಿಂತ ನಿಖರವಾಗಿ ಹೇಳುತ್ತದೆ.

8. ಏರ್ ಬಾಕ್ಸ್ ಇರಲಿ, ಉಸಿರುಪೈಪು ಮೇಲೆ ಇರಲಿ

ಕೋನ್ ಆಕಾರದ ಬರಿಯ ಫಿಲ್ಟರ್ ನೋಡಲು ಚೆಂದ. ಮಣ್ಣಿಗೆ ಹೋಗುವ ಬೈಕಿಗೆ ಬೇಡವೇ ಬೇಡ. ಬೇಸಿಗೆಯಲ್ಲಿ ಕೆಂಧೂಳು, ಮಳೆಗಾಲದಲ್ಲಿ ಮುಂಚಕ್ರ ಎರಚುವ ಕೆಸರು. ಎರಡೂ ನೇರ ಒಳಗೆ. ನುಣುಪಾದ ಧೂಳು ಎಣ್ಣೆಯೊಂದಿಗೆ ಸೇರಿದರೆ ರಿಂಗುಗಳನ್ನು ಮರಳುಕಾಗದ ಉಜ್ಜಿದ ಹಾಗೆ ಸವೆಸುತ್ತದೆ. ಜೊತೆಗೆ ಏರ್ ಬಾಕ್ಸಿನಲ್ಲಿ ನಿಂತ ಗಾಳಿಯೇ ಕೆಳಗಿನ ಎಳೆತಕ್ಕೆ ಬೇಕಾದ ಆಧಾರ. ಅದನ್ನು ಕಿತ್ತರೆ ಮೊದಲು ಹೋಗುವುದು ಕಾಲುಭಾಗದ ಮೃದುತನ. ಎಣ್ಣೆ ಹಾಕಿದ ಫೋಮ್ ಫಿಲ್ಟರ್, ಪ್ರತಿ ಮಣ್ಣಿನ ಓಟದ ನಂತರ ತೊಳೆದದ್ದು, ನನ್ನ ಆಯ್ಕೆ.

ಹಳ್ಳ ದಾಟುವವರಿಗೆ ಇನ್ನೊಂದು ಮಾತು. ಫ್ಲೋಟ್ ಬೌಲಿಗೆ ಹೊರಗಿನ ಗಾಳಿಯ ಒತ್ತಡ ತಲುಪಬೇಕು. ಅದಕ್ಕೆಂದೇ ಸಣ್ಣ ಉಸಿರುಪೈಪುಗಳು ಕೆಳಗೆ ಜೋತುಬಿದ್ದಿರುತ್ತವೆ. ಅವುಗಳ ತುದಿ ನೀರಿನಲ್ಲಿ ಮುಳುಗಿದರೆ ಬೌಲಿಗೆ ಗಾಳಿ ಇಲ್ಲ, ಪೆಟ್ರೋಲ್ ಮೇಲೇರುವುದಿಲ್ಲ, ಹಳ್ಳದ ನಡುವೆ ಬೈಕು ನಿಲ್ಲುತ್ತದೆ. ಸವಾರ ಪ್ಲಗ್ ಒದ್ದೆಯಾಯಿತೆಂದು ತಿಳಿಯುತ್ತಾನೆ. ಪೈಪಿಗೆ ಒಂದು 'ಟಿ' ಜೋಡಿಸಿ, ಒಂದು ಕವಲನ್ನು ಟ್ಯಾಂಕಿನ ಅಡಿಗೆ ಎತ್ತಿ ಕಟ್ಟಿ. ಇನ್ನೊಂದು ಕೆಳಗೇ ಇರಲಿ. ಈ ಕೆಲಸಕ್ಕೆ ಆಗುವ ಖರ್ಚು ಒಂದು ತಿಂಡಿ-ಕಾಫಿಯಷ್ಟು. ಎಲ್ಲ ಕಾರ್ಬುರೇಟರ್ ಬೈಕುಗಳಿಗೂ ನಾನು ಕೇಳದೆಯೇ ಇದನ್ನು ಮಾಡಿಕೊಡುತ್ತೇನೆ.

9. ಎಂಜಿನ್ ಬಿಚ್ಚುವ ಮೊದಲು ಹಲ್ಲು ಎಣಿಸಿ

ಕೆಳಗಿನ ಎಳೆತ ಬೇಕು ಎನ್ನುವವರಿಗೆ ಅತಿ ಕಡಿಮೆ ಖರ್ಚಿನ ದಾರಿ ಸ್ಪ್ರಾಕೆಟ್. ಮುಂದಿನ ಸ್ಪ್ರಾಕೆಟ್ 13 ಹಲ್ಲಿನದಿದ್ದರೆ 12ಕ್ಕೆ ಇಳಿಸಿ. ಪ್ರತಿ ಗೇರಿನಲ್ಲೂ ಚಕ್ರದ ಎಳೆತ ಶೇ. 8ಕ್ಕೂ ಹೆಚ್ಚು ಏರುತ್ತದೆ. ಬೆಂಗಳೂರಿನ ಎತ್ತರ ಕಿತ್ತುಕೊಂಡದ್ದು ಏರಿನಲ್ಲಿ ವಾಪಸ್ ಬಂದ ಹಾಗಾಯಿತು. ಹೀರೊ ಕಂಪನಿಯೂ 2020ರ ಬಿಎಸ್-6 ಎಕ್ಸ್‌ಪಲ್ಸ್‌ನ ಹಿಂದಿನ ಸ್ಪ್ರಾಕೆಟನ್ನು 39ರಿಂದ 40 ಹಲ್ಲಿಗೆ ಏರಿಸಿತು. ಹೆದ್ದಾರಿಯಲ್ಲಿ ಆರ್‌ಪಿಎಂ ಹೆಚ್ಚುತ್ತದೆ, ಚೈನ್ ಬೇಗ ಸವೆಯುತ್ತದೆ, ಸ್ಪೀಡೋಮೀಟರ್ ಎಂಜಿನ್ ಕಡೆಯಿಂದ ಓಡುವ ಬೈಕಾದರೆ ತಪ್ಪು ತೋರಿಸುತ್ತದೆ. ಇಷ್ಟೆಲ್ಲ ಇದ್ದರೂ ಮೊದಲ ದುಡ್ಡು ಇಲ್ಲಿಗೇ ಹೋಗಲಿ.

ಫ್ರೀ-ಫ್ಲೋ ಸೈಲೆನ್ಸರ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಕಾಡಿನಲ್ಲಿ ಪ್ರಾಣಿಗಳಿಗೂ ಹಳ್ಳಿಯವರಿಗೂ ಹಿಂಸೆ, ಊರಿನಲ್ಲಿ ದಂಡ, ಕೆಳಗಿನ ಎಳೆತಕ್ಕೆ ಲಾಭವಿಲ್ಲ.

10. ಬೋರ್, ಕ್ಯಾಮ್, ಬೇರೆ ಎಂಜಿನ್: ಕ್ರಮ ತಪ್ಪಬಾರದು

ಸವೆದ ಎಂಜಿನ್ನಿಗೆ ಬೋರ್ ಮಾಡಿಸಿ 0.25 ಅಥವಾ 0.50 ಮಿ.ಮೀ. ಓವರ್‌ಸೈಜ್ ಪಿಸ್ಟನ್ ಹಾಕಿಸುವುದು ನನ್ನ ದೃಷ್ಟಿಯಲ್ಲಿ ಎಲ್ಲಕ್ಕಿಂತ ಒಳ್ಳೆಯ ಅಪ್‌ಗ್ರೇಡ್. ಗಾತ್ರ ಹೆಚ್ಚುವುದು ಹೆಸರಿಗಷ್ಟೇ. ಕಳೆದುಹೋದ ಕಂಪ್ರೆಷನ್ ವಾಪಸ್ ಬರುತ್ತದೆ. ಲೇಥ್‌ಗೆ ಸಿಲಿಂಡರ್ ಮಾತ್ರ ಕೊಡಬೇಡಿ, ಹಾಕುವ ಪಿಸ್ಟನ್ನನ್ನೇ ಕೊಡಿ. ಬೋರ್ ಪಿಸ್ಟನ್ನಿಗೆ ಹೊಂದಬೇಕು, ಡಬ್ಬದ ಮೇಲಿನ ಅಳತೆಗಲ್ಲ. ವಾಪಸ್ ಬಂದ ಮೇಲೆ ಮೇಲೆ, ನಡುವೆ, ಕೆಳಗೆ ಮೂರು ಕಡೆ, ಎರಡು ದಿಕ್ಕಿನಲ್ಲಿ ಗೇಜ್ ಹಿಡಿದು ನೋಡಿ. ರಿಂಗನ್ನು ಸಿಲಿಂಡರ್ ಒಳಗಿಟ್ಟು ತುದಿಗಳ ನಡುವಿನ ಬಿಡುವನ್ನು ಫೀಲರ್ ಗೇಜಿನಿಂದ ಅಳೆಯಿರಿ. ಆಮೇಲೆ ಸಿಲಿಂಡರನ್ನು ಸೋಪುನೀರಿನಲ್ಲಿ ಉಜ್ಜಿ ತೊಳೆಯಿರಿ. ಬಿಳಿ ಬಟ್ಟೆಯಿಂದ ಒರೆಸಿದರೆ ಬಟ್ಟೆ ಬಿಳಿಯಾಗೇ ಉಳಿಯಬೇಕು. ಹೋನಿಂಗ್ ಕಲ್ಲಿನ ಪುಡಿ ಪೆಟ್ರೋಲಿನಲ್ಲಿ ತೊಳೆದರೆ ಹೋಗುವುದಿಲ್ಲ. ಎಷ್ಟೋ ಹೊಸ ಪಿಸ್ಟನ್‌ಗಳು ಈ ಒಂದು ಬಕೆಟ್ ನೀರಿಲ್ಲದೆ ಗೀಚಿಕೊಂಡು ಹೋಗಿವೆ.

ದೊಡ್ಡ ಬೋರಿನ ಕಿಟ್‌ಗಳು ಬೇರೆ ಮಾತು. ಗಾಳಿಯಿಂದಲೇ ತಣ್ಣಗಾಗಬೇಕಾದ ಎಂಜಿನ್ ಮಣ್ಣುದಾರಿಯಲ್ಲಿ ನಡೆಯುವ ವೇಗದಲ್ಲಿ ಏರು ಹತ್ತುತ್ತದೆ. ಅಲ್ಲಿ ಗಾಳಿಯೇ ಹರಿಯುವುದಿಲ್ಲ. ಗಾತ್ರ ಹೆಚ್ಚಿದಷ್ಟೂ ಶಾಖ ಹೆಚ್ಚು, ಫಿನ್ನುಗಳು ಅಷ್ಟೇ. ಎತ್ತರದ ಲಿಫ್ಟಿನ ಕ್ಯಾಮ್ ಶಕ್ತಿಯನ್ನು ಮೇಲಿನ ಆರ್‌ಪಿಎಂಗೆ ತಳ್ಳುತ್ತದೆ, ನಮಗೆ ಬೇಕಾದದ್ದಕ್ಕೆ ತದ್ವಿರುದ್ಧ.

ಇಂಪಲ್ಸ್ ಫ್ರೇಮಿಗೆ ಕರಿಜ್ಮಾದ 223 ಸಿಸಿ ಎಂಜಿನ್ ಕೂರಿಸುವುದು ದೇಶದ ಹಲವು ಕಡೆ ನಡೆದ ಕೆಲಸ. ಆಸೆ ನನಗೆ ಅರ್ಥವಾಗುತ್ತದೆ. ಬ್ರೆಜಿಲಿನ ಹೋಂಡಾ ಎನ್‌ಎಕ್ಸ್‌ಆರ್ 150 ಬ್ರೋಸ್‌ನಿಂದ ಬಂದ ಆ ಫ್ರೇಮು ಗಟ್ಟಿ, ಸಸ್ಪೆನ್ಷನ್ ಉದ್ದ, ಎಂಜಿನ್ ಮಾತ್ರ ಚಿಕ್ಕದೆನಿಸುತ್ತದೆ. ಯಂತ್ರವಾಗಿ ಆ ಜೋಡಿ ಚೆನ್ನಾಗಿಯೇ ಓಡುತ್ತದೆ. ಆದರೆ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಕಂಪನಿ ಕೊಟ್ಟ ಮೂಲ ವಿವರಕ್ಕೆ ವ್ಯತ್ಯಾಸ ಬರುವ ಮಾರ್ಪಾಡನ್ನು ನಿರ್ಬಂಧಿಸುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಆರ್‌ಸಿಯಲ್ಲಿ ಒಂದು ಎಂಜಿನ್ ನಂಬರ್, ಬೈಕಿನಲ್ಲಿ ಇನ್ನೊಂದು ಇದ್ದಾಗ ಅಪಘಾತವಾದರೆ ವಿಮೆ ಕೈಬಿಡುವ ಅಪಾಯವಿದೆ. ಎದುರಿನವನಿಗೆ ಪೆಟ್ಟಾಗಿದ್ದರೆ ಆ ಹೊರೆ ಒಂದು ಕುಟುಂಬದ ಮೇಲೆ ಬೀಳುತ್ತದೆ. ಆದ್ದರಿಂದ ರಸ್ತೆಗೆ ಇಳಿಯುವ ಬೈಕಿಗೆ ನಾನು ಈ ಕೆಲಸ ಮಾಡಿಕೊಡುವುದಿಲ್ಲ.

11. ಎರಡು ಸ್ಟ್ರೋಕಿಗೆ ಲೀನ್ ಎಂದರೆ ಎಣ್ಣೆಯೂ ಕಡಿಮೆ

ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯ ಜಾವಾ, ಯೆಜ್ಡಿಗಳಲ್ಲಿ ಎಣ್ಣೆ ಪೆಟ್ರೋಲಿನಲ್ಲೇ ಬೆರೆತಿರುತ್ತದೆ. ಚಿಕ್ಕ ಜೆಟ್ ಹಾಕಿದರೆ ಪೆಟ್ರೋಲಿನ ಜೊತೆ ಎಣ್ಣೆಯೂ ಕಡಿಮೆಯಾಗಿ ಪಿಸ್ಟನ್ ಹಿಡಿದುಕೊಳ್ಳುತ್ತದೆ. ಮೇಲಿನ ಇ20ರ ಲೆಕ್ಕ ಇವುಗಳಿಗೆ ಎರಡು ಪಟ್ಟು ಮುಖ್ಯ. ಉದ್ದನೆಯ ಇಳಿಜಾರಿನಲ್ಲಿ ಆಕ್ಸಿಲರೇಟರ್ ಪೂರ್ತಿ ಮುಚ್ಚಿಕೊಂಡು ಇಳಿಯಬೇಡಿ, ಆಗಾಗ ಕ್ಲಚ್ ಹಿಡಿದು ಒಂದು ಸಲ ಕೊಡಿ.

12. ಇಂಜೆಕ್ಷನ್ ಬೈಕನ್ನು ಕಾರ್ಬುರೇಟರಿಗೆ ತಿರುಗಿಸಬೇಡಿ

2020ರ ಏಪ್ರಿಲ್‌ನ ಬಿಎಸ್-6 ನಂತರದ ಎಕ್ಸ್‌ಪಲ್ಸ್‌ಗಳನ್ನು "ಕಾರ್ಬ್‌ಗೆ ಮಾಡಿಕೊಡಿ, ರಿಪೇರಿ ಸುಲಭ" ಎಂದು ತರುವವರಿದ್ದಾರೆ. ಎರಡನೇ ಪಾಠದಲ್ಲಿ ಹೇಳಿದ ಎತ್ತರದ ಲೆಕ್ಕವನ್ನೆಲ್ಲ ಆ ಬೈಕಿನ ಒತ್ತಡದ ಸೆನ್ಸರ್ ಕ್ಷಣಕ್ಷಣವೂ ತಾನೇ ಮಾಡುತ್ತಿದೆ. ಎಕ್ಸಾಸ್ಟಿನ ಆಕ್ಸಿಜನ್ ಸೆನ್ಸರ್ ಪೆಟ್ರೋಲಿನ ವ್ಯತ್ಯಾಸವನ್ನು ಬಹುಮಟ್ಟಿಗೆ ಸರಿದೂಗಿಸುತ್ತಿದೆ. ಅದನ್ನು ಕಿತ್ತುಹಾಕಿದರೆ ಹೊಗೆಯ ನಿಯಮ ಮುರಿದಂತೆ, ಎಂಜಿನ್ನಿಗೂ ನಷ್ಟ. ಥ್ರಾಟಲ್ ಬಾಡಿ ತೊಳೆಸಿ, ಇಂಜೆಕ್ಟರ್ ಸ್ವಚ್ಛ ಮಾಡಿಸಿ, ಬ್ಯಾಟರಿ ಚೆನ್ನಾಗಿಟ್ಟುಕೊಳ್ಳಿ, ಸಾಕು.

ಕೈಯಾರೆ ಕಲಿಯಬೇಕು ಎನ್ನುವ ಆಸೆ ನಿಜವಾಗಿದ್ದರೆ 2019ರ ಕಾರ್ಬುರೇಟರ್ ಎಕ್ಸ್‌ಪಲ್ಸ್ ಒಂದನ್ನು ಹುಡುಕಿ ಕೊಳ್ಳಿ. ನೋಡಲು ಹೋದಾಗ ಬೈಕು ತಣ್ಣಗಿರಲಿ, ಮಾರುವವರು ಮೊದಲೇ ಸ್ಟಾರ್ಟ್ ಮಾಡಿ ಬಿಸಿ ಮಾಡಿಟ್ಟಿರಬಾರದು. ಚೋಕ್ ಎಳೆದು ಸ್ಟಾರ್ಟ್ ಮಾಡಿ, ಐದು ನಿಮಿಷದ ನಂತರ ಚೋಕ್ ಬಿಟ್ಟು ಐಡಲ್ ನಿಲ್ಲುತ್ತದೆಯೇ ನೋಡಿ. ಏರ್ ಬಾಕ್ಸ್ ತೆಗೆದು ಫಿಲ್ಟರಿನ ಆಚೆ ಬದಿ ಬೆರಳಾಡಿಸಿ. ಬೆರಳಿಗೆ ಧೂಳು ಹತ್ತಿದರೆ ಬೆಲೆಯಲ್ಲಿ ಬೋರ್ ಮತ್ತು ಪಿಸ್ಟನ್ನಿನ ಖರ್ಚು ಕಳೆದು ಮಾತಾಡಿ.